ಓದುಗರ ಪ್ರಶ್ನೆ, ಅಕ್ಕೋರ ಉತ್ತರ: ಅಂಗಡಿಗೂ ಪತ್ರಿಕೆಗೂ ಒಂದೇ ಹೆಸರು ಹ್ಯಾಂಗ?

ಪ್ರಶ್ನೆ: ಅಕ್ಕೋರಿಗೆ ಶರಣಾರ್ಥಿ. ಕಲಬುರಗಿ ನೆಹರೂ ಗಂಜ್‌ನಾಗ ನಮ್ಮದು ಕಿರಾಣಿ ಅಂಗಡಿ ಅದ. ಮಗಳು ರಷ್ಯಾದಾಗ ಡಾಕ್ಟರಿ ಓದ್ಲಕತ್ತಾಳ. ಮೊನ್ನೆ ಆಕಿ ಒಂದು ಅಂಗಡಿ ಫೋಟೊ ಕಳಿಸಿದಳು. ಬ್ರೆಡ್ಡು, ಹಾಲು, ಬಟಾಟಿ ಮಾರೋ ಸಾದಾ ಅಂಗಡಿ. ಬೋರ್ಡಿನ ಮ್ಯಾಲಿನ ಅಕ್ಷರ 'ಮಗಝೀನ್' ಅಂತ ಓದಬೇಕಂತ. ಪೇಪರ್ ಮಾರೋ ಅಂಗಡಿ ಇರಬೇಕು ಅಂದೆ. 'ಇಲ್ಲಪ್ಪಾ, ಇಲ್ಲಿ ಅಂಗಡಿಗೇ ಹಿಂಗ ಅಂತಾರ' ಅಂದಳು. ನಾವು ನೋಡಿದರ ನೀವು ಬರೆಯೋ ಪತ್ರಿಕೆಗೆ ಮ್ಯಾಗಜಿನ್ ಅಂತೀವಿ. ಪೊಲೀಸರ ಬಂದೂಕಿನಾಗ ಗುಂಡು ತುಂಬೋ ಡಬ್ಬಿಗೂ ಮ್ಯಾಗಜಿನ್ ಅಂತಾರ. ಈ ಮೂರರಾಗ ಅಸಲಿ ಅರ್ಥ ಯಾವುದು?
ಗಂಜ್‌ನ ಕಿರಾಣಿ ವ್ಯಾಪಾರಿ, ಕಲಬುರಗಿ

ಉತ್ತರ: ಶರಣಾರ್ಥಿ ಸಾವ್ಕಾರ್ರೆ. ಮೂರಕ್ಕೂ ಹಿರಿದಾದ ಅರ್ಥ ನಿಮ್ಮ ಅಂಗಡಿಯ ಹಿಂದುಗಡೆ ಇದೆ: ಗೋದಾಮು. ಮಾಲು ತಂದು ಕೂಡಿಡುವ ಜಾಗ. ಈ ಶಬ್ದ ಹುಟ್ಟಿದ್ದು ಯುರೋಪಿನಲ್ಲಿ ಅಲ್ಲ, ಅರಬ್ಬಿಯಲ್ಲಿ. ಅದರ ಬೇರು ಕಲಬುರಗಿಯವರ ಬಾಯಲ್ಲಿ ದಿನಾ ಇರುತ್ತದೆ. ಖಜಾನೆ ಅಂತೀವಲ್ಲ, ಅದೇ.

ನಮ್ಮ ಅಪ್ಪ ಉರ್ದು ಮಾಧ್ಯಮದಲ್ಲಿ ಓದಿದವರು. 1948ರ ಸೆಪ್ಟೆಂಬರ್ ತನಕ ಇಲ್ಲಿ ನಿಜಾಮರ ಆಡಳಿತವಿತ್ತು, ಶಾಲೆಯಲ್ಲೂ ಕಚೇರಿಯಲ್ಲೂ ಉರ್ದು ನಡೆಯುತ್ತಿತ್ತು. ಅರಬ್ಬಿ ಶಬ್ದ ಬಿಡಿಸುವ ಒಂದು ದಾರಿಯನ್ನು ಅವರು ನನಗೆ ಪಾಟಿಯ ಮೇಲೆ ಬರೆದು ತೋರಿಸಿದ್ದರು. ಮೂರು ಅಕ್ಷರ ಹಿಡಿ, ಮುಂದೆ 'ಮ' ಹಚ್ಚು, ಆ ಕೆಲಸ ನಡೆಯುವ ಜಾಗದ ಹೆಸರು ಬರುತ್ತದೆ. ಸಜ್ದಾ ಅಂದರೆ ಹಣೆ ನೆಲಕ್ಕೆ ಹಚ್ಚಿ ನಮಿಸುವುದು; ಹಾಗೆ ನಮಿಸುವ ಜಾಗ ಮಸ್ಜಿದ್, ನಮ್ಮ ಬಾಯಲ್ಲಿ ಮಸೀದಿ. ದರ್ಸ್ ಅಂದರೆ ಪಾಠ. ಪಾಠ ನಡೆಯುವ ಜಾಗ ಮದರಸಾ. ಕಬ್ರ್ ಅಂದರೆ ಗೋರಿ. ಗೋರಿ ಇರುವ ಕಟ್ಟಡ ಮಕ್ಬರಾ. ಅದೇ ಪ್ರಕಾರ ಖೇ, ಝೇ, ನೂನ್ ಎಂಬ ಮೂರು ಅಕ್ಷರ ಸೇರಿದರೆ ಕೂಡಿಡುವುದು ಎಂಬ ಅರ್ಥ. ಕೂಡಿಡುವ ಜಾಗ ಮಖ್ಝನ್. ಒಂದಕ್ಕಿಂತ ಹೆಚ್ಚಿದ್ದರೆ ಮಖಾಝಿನ್. ಈ ಎರಡನೆಯದನ್ನು ಒಂದು ಸಲ ಜೋರಾಗಿ ಹೇಳಿ ನೋಡಿರಿ, ಮಗಳು ಓದಿದ ಬೋರ್ಡು ಕೇಳಿಸುತ್ತದೆ.

ಇದನ್ನು ಯುರೋಪಿಗೆ ಒಯ್ದವರು ಪಂಡಿತರಲ್ಲ, ನಿಮ್ಮಂಥ ವ್ಯಾಪಾರಸ್ಥರು. ಇಟಲಿ ಮತ್ತು ದಕ್ಷಿಣ ಫ್ರಾನ್ಸಿನ ಬಂದರುಗಳ ವರ್ತಕರು ಮೆಡಿಟರೇನಿಯನ್ ಸಮುದ್ರ ದಾಟಿ ಉತ್ತರ ಆಫ್ರಿಕದ ಬಂದರುಗಳಲ್ಲಿ ಮಾಲು ಇಳಿಸುತ್ತಿದ್ದರು. ಇಳಿಸಿದ ಮಾಲಿಗೆ ಅಲ್ಲಿ ಕೋಣೆ ಬೇಕು. ಕೋಣೆಯ ಜೊತೆಗೆ ಕೋಣೆಯ ಹೆಸರನ್ನೂ ಕಲಿತರು. ಇಟಲಿಯವರ ಬಾಯಲ್ಲಿ ಅದು ಮಗಜ್ಜೀನೊ ಆಯಿತು, ಇವತ್ತಿಗೂ ಅವರಲ್ಲಿ ಅದು ಗೋದಾಮೇ. ಡಚ್ಚರ ಮಖಜೈನ್, ಪೋಲೆಂಡಿನವರ ಮಗಜಿನ್ ಕೂಡ ಮಾಲಿಡುವ ಮನೆಗಳೇ. ಜರ್ಮನರಲ್ಲಿ ಗೋದಾಮಿನ ಅರ್ಥವೂ ಉಂಟು, ಪತ್ರಿಕೆಯ ಅರ್ಥವೂ ಉಂಟು. ಅವರ ದೊಡ್ಡ ಗ್ರಂಥಾಲಯಗಳಲ್ಲಿ ಓದುಗರನ್ನು ಒಳಗೆ ಬಿಡದೆ ಪುಸ್ತಕ ಕಾಪಿಡುವ ಕೋಣೆಗೂ ಮಗತ್ಸೀನ್ ಎನ್ನುತ್ತಾರೆ. ಆ ಬಳಕೆ ನನಗೆ ಬಹಳ ಹಿಡಿಸಿದೆ.

ಫ್ರೆಂಚರಲ್ಲಿ ಅರ್ಥ ಒಂದು ಹೆಜ್ಜೆ ಮುಂದೆ ಸರಿಯಿತು. ಮಾಲು ಇಟ್ಟ ಜಾಗದಲ್ಲೇ ಗಿರಾಕಿಯನ್ನು ಕರೆದು ಮಾರತೊಡಗಿದರೆ ಗೋದಾಮೇ ಅಂಗಡಿಯಾಗುತ್ತದೆ. ಮಗಜಾಂ ಅಂದರೆ ಫ್ರಾನ್ಸಿನಲ್ಲಿ ಈಗ ಅಂಗಡಿ. 19ನೇ ಶತಮಾನದಲ್ಲಿ ಪ್ಯಾರಿಸ್ಸಿನಲ್ಲಿ ಎದ್ದು ನಿಂತ, ಬಟ್ಟೆಯಿಂದ ಹಿಡಿದು ಮನೆಸಾಮಾನಿನವರೆಗೆ ಎಲ್ಲ ಒಂದೇ ಸೂರಿನಡಿ ಮಾರುವ ಭಾರಿ ಮಳಿಗೆಗಳಿಗೆ 'ದೊಡ್ಡ ಮಗಜಾಂ' ಎಂದೇ ಹೆಸರು. ರಷ್ಯಾದಲ್ಲಿ ಮೊದಲು ಅಂಗಡಿಗೆ ಲಾವ್ಕಾ ಎನ್ನುತ್ತಿದ್ದರು. ಪಶ್ಚಿಮ ಯುರೋಪಿನ ಜೊತೆ ಅವರ ಒಡನಾಟ ಹೆಚ್ಚಿದ ಕಾಲಕ್ಕೆ ಮಗಝೀನ್ ಬಂದು ಬೇರೂರಿತು. ಮಗಳು ಕಳಿಸಿದ ಫೋಟೊ ಇನ್ನೊಮ್ಮೆ ತೆಗೆದು ನೋಡಿರಿ. ಏಳು ಅಕ್ಷರ ಇರಬೇಕು. ಐದನೆಯದು ಇಂಗ್ಲಿಷಿನ 3 ಅಂಕಿಯ ಹಾಗೆ ಕಾಣುತ್ತದೆ, ಅದು 'ಝ'. ಅದರ ಪಕ್ಕದ್ದು ಕನ್ನಡಿಯಲ್ಲಿ ತಿರುವಿದ ಎನ್ ಅಕ್ಷರದಂತೆ, ಅದು 'ಇ'. ರುಮೇನಿಯಾ, ಬಲ್ಗೇರಿಯಾಗಳಲ್ಲೂ ಅಂಗಡಿಗೆ ಇದೇ ಹೆಸರು. ಗ್ರೀಸಿನಲ್ಲಿ ಮಗಝಿ ಅಂದರೂ ಅಂಗಡಿಯೇ. ತುರ್ಕಿಯವರು ಎರಡು ದಾರಿಯಿಂದ ಎರಡು ಸಲ ತಂದುಕೊಂಡರು: ಅರಬ್ಬಿಯಿಂದ ನೇರ ಬಂದ ಮಹ್‌ಝೆನ್ ಅಂದರೆ ನೆಲಮಾಳಿಗೆ, ಯುರೋಪು ಸುತ್ತಿ ಬಂದ ಮಾಝಾ ಅಂದರೆ ದೊಡ್ಡ ಅಂಗಡಿ.

ಈ ನೆಲಮಾಳಿಗೆಯ ಮಾತು ಬಂತೆಂದು ಇನ್ನೊಂದನ್ನೂ ಹೇಳುತ್ತೇನೆ. ಪೋಲೆಂಡಿನಲ್ಲಿ ಅಂಗಡಿಗೆ ಸ್ಕ್ಲೆಪ್ ಎನ್ನುತ್ತಾರೆ. ಪಕ್ಕದ ಜೆಕ್ ದೇಶದಲ್ಲಿ ಸ್ಕ್ಲೆಪ್ ಅಂದರೆ ನೆಲಮಾಳಿಗೆ. ರಷ್ಯಾದಲ್ಲಿ ಹೆಣ ಇಡುವ ನೆಲದಡಿಯ ಕೋಣೆ. ಮೂರೂ ಒಂದೇ ಭಾಷಾ ಕುಟುಂಬದವು, ಕಮಾನು ಕಟ್ಟಿದ ಕೋಣೆ ಎಂಬ ಒಂದೇ ಅರ್ಥದಿಂದ ಹೊರಟವು. ಮಗಳಿಗೆ ಪೋಲೆಂಡಿನ ಗೆಳತಿ ಯಾರಾದರೂ ಇದ್ದರೆ ಈ ಶಬ್ದದ ಬಗ್ಗೆ ಹುಷಾರಾಗಿರಲು ಹೇಳಿರಿ.

ಇನ್ನು ಪತ್ರಿಕೆ. ಇಂಗ್ಲಿಷರಲ್ಲಿ 16ನೇ ಶತಮಾನದ ಕೊನೆಗೆ ಈ ಶಬ್ದ ಬಂದಾಗ ಅದಕ್ಕೆ ಉಗ್ರಾಣದ ಅರ್ಥ ಇತ್ತು, ಅದರಲ್ಲೂ ಮದ್ದುಗುಂಡಿನ ಉಗ್ರಾಣ. 1731ರಲ್ಲಿ ಲಂಡನ್ನಿನ ಮುದ್ರಕ ಎಡ್ವರ್ಡ್ ಕೇವ್ ಒಂದು ತಿಂಗಳ ಪತ್ರಿಕೆ ಶುರು ಮಾಡಿದ. ಊರಿನಲ್ಲಿ ವಾರವಾರ ಬರುವ ಪತ್ರಿಕೆಗಳು ಹತ್ತಾರು, ಎಲ್ಲವನ್ನೂ ಕೊಂಡು ಓದುವುದು ಯಾರಿಗೂ ಆಗದ ಮಾತು. ಅವುಗಳಿಂದ ಒಳ್ಳೆಯದನ್ನು ಆರಿಸಿ ತಿಂಗಳಿಗೊಮ್ಮೆ ಒಂದೇ ಕಡೆ ಕೂಡಿಟ್ಟು ಕೊಡುವುದು ಅವನ ವಿಚಾರ. ಕೂಡಿಡುವ ಕೆಲಸ ಆದ್ದರಿಂದ ಹೆಸರನ್ನೂ ಹಾಗೇ ಇಟ್ಟ: ಜೆಂಟಲ್‌ಮನ್ಸ್ ಮ್ಯಾಗಜಿನ್, ಅಂದರೆ ಸಭ್ಯರ ಉಗ್ರಾಣ. ಅದು ಎಷ್ಟು ನಡೆಯಿತೆಂದರೆ ಬೇರೆಯವರೂ ತಮ್ಮ ಪತ್ರಿಕೆಗಳಿಗೆ ಮ್ಯಾಗಜಿನ್ ಎಂದು ಹೆಸರಿಡತೊಡಗಿದರು. ಆ ಪತ್ರಿಕೆಗೆ ಬರೆಯುತ್ತಿದ್ದ ಸ್ಯಾಮ್ಯುಯಲ್ ಜಾನ್ಸನ್ 1755ರಲ್ಲಿ ತನ್ನ ದೊಡ್ಡ ಇಂಗ್ಲಿಷ್ ನಿಘಂಟನ್ನು ತಂದಾಗ, ಮ್ಯಾಗಜಿನ್ ಶಬ್ದಕ್ಕೆ ಉಗ್ರಾಣ ಎಂಬ ಅರ್ಥ ಕೊಟ್ಟು, ಈಚೆಗೆ ಬಗೆಬಗೆಯ ಬರಹಗಳ ಹೊತ್ತಿಗೆಗೂ ಹೀಗೆ ಹೇಳುತ್ತಾರೆ, ಅದು ಕೇವನ ಪತ್ರಿಕೆಯಿಂದ ಬಂದದ್ದು ಎಂದು ಸೇರಿಸಿದ. ಒಬ್ಬ ಮುದ್ರಕ ಇಟ್ಟ ಹೆಸರು ಶಬ್ದದ ಅರ್ಥವನ್ನೇ ತಿರುಗಿಸಿದ್ದಕ್ಕೆ ಇಷ್ಟು ನಿಚ್ಚಳವಾದ ದಾಖಲೆ ಸಿಗುವುದು ಅಪರೂಪ.

ಬಂದೂಕಿನ ಮ್ಯಾಗಜಿನ್ ಆಮೇಲಿನದು. ಮದ್ದುಗುಂಡಿನ ಮನೆಯ ಹೆಸರು ಬಂದೂಕಿನೊಳಗೆ ಗುಂಡು ಕೂಡಿಡುವ ಡಬ್ಬಿಗೂ ಬಂತು, ಅಷ್ಟೇ.

ನಮ್ಮಲ್ಲೂ ಇದೇ ನಡೆದಿದೆ ಸಾವ್ಕಾರ್ರೆ, ಅದೂ ನಿಮ್ಮ ವಿಳಾಸದಲ್ಲೇ. ಗಂಜ್ ಎಂಬುದು ಪಾರಸಿ ಶಬ್ದ. ಪಾರಸಿಯಲ್ಲಿ ಅದರ ಅರ್ಥ ನಿಧಿ, ಭಂಡಾರ. ಹಿಂದುಸ್ತಾನಕ್ಕೆ ಬಂದ ಮೇಲೆ ಧಾನ್ಯ ಕೂಡಿಡುವ ಮತ್ತು ಮಾರುವ ಪೇಟೆಗೆ ಗಂಜ್ ಎನ್ನತೊಡಗಿದರು. ಇವತ್ತು ತೊಗರಿ ತುಂಬಿದ ಚೀಲ ಇಳಿಸುವ ಹಮಾಲರಿಗೆ ಗಂಜ್ ಅಂದರೆ ಬರೀ ಮಾರುಕಟ್ಟೆ. ನಿಮ್ಮ ಓಣಿಯ ಬೋರ್ಡುಗಳನ್ನು ಓದುತ್ತಾ ಹೋಗಿರಿ. 'ಕಿರಾಣಿ ಸ್ಟೋರ್ಸ್' ಅಂತ ಇರುತ್ತದೆ, ಸ್ಟೋರ್ ಅಂದರೆ ಕೂಡಿಟ್ಟದ್ದು. 'ವಸ್ತ್ರ ಭಂಡಾರ' ಅಂತ ಇರುತ್ತದೆ. ಕಲ್ಯಾಣದಲ್ಲಿ ಬಿಜ್ಜಳನ ಭಂಡಾರ ನೋಡಿಕೊಂಡ ಬಸವಣ್ಣನವರನ್ನು ಭಂಡಾರಿ ಎನ್ನುತ್ತೀವಿ. ಅಲ್ಲಿ ಭಂಡಾರ ರಾಜ್ಯದ ಬೊಕ್ಕಸ, ಬಟ್ಟೆ ಅಂಗಡಿಯ ಬೋರ್ಡಿನಲ್ಲಿ ಬರೀ ದುಕಾನು. ಬೊಕ್ಕಸದಿಂದ ಪುಸ್ತಕಕ್ಕೆ ಬಂದ ಶಬ್ದವೂ ನಮ್ಮಲ್ಲಿದೆ. ಕೋಶ ಅಂದರೆ ರಾಜನ ಬೊಕ್ಕಸ, ಶಬ್ದಕೋಶ ಅಂದರೆ ನಿಘಂಟು. ಕೇವ್ ಲಂಡನ್ನಿನಲ್ಲಿ ಮಾಡಿದ್ದನ್ನು ಸಂಸ್ಕೃತ ಬಲ್ಲವರು ಬಹಳ ಮೊದಲೇ ಮಾಡಿದ್ದರು.

ಕೊನೆಗೆ ಒಂದು ಸಂಗತಿ, ಇದು ನಿಮಗೆ ಖುಷಿ ಕೊಡಬಹುದು. ಅಂಗಡಿಗೆ ಮಗಝೀನ್ ಎನ್ನುವ ರಷ್ಯನ್ನರು ನಮ್ಮಂಥ ಪತ್ರಿಕೆಗೆ ಏನೆನ್ನುತ್ತಾರೆ ಗೊತ್ತೇನು? ಝುರ್ನಾಲ್. ಅದು ಫ್ರೆಂಚರ ಝುರ್ನಾಲ್, ಇಂಗ್ಲಿಷರ ಜರ್ನಲ್. ಮೂಲ ಅರ್ಥ ದಿನದ ಲೆಕ್ಕ. ನಿಮ್ಮ ಗಲ್ಲಾದ ಪಕ್ಕ ಇರುವ ಕೆಂಪು ರಟ್ಟಿನ ರೋಜ್‌ಮೇಳದ 'ರೋಜ್' ಅಂದರೂ ದಿನವೇ. ಫ್ರಾನ್ಸಿನಲ್ಲಿ ಝುರ್ನಾಲ್ ಅಂದರೆ ದಿನಪತ್ರಿಕೆ. ರಷ್ಯಾದ ಶಾಲೆಯಲ್ಲಿ ಹಾಜರಿ ಪುಸ್ತಕಕ್ಕೂ ಝುರ್ನಾಲ್ ಎನ್ನುತ್ತಾರೆ. ಅಂದಮೇಲೆ ರಷ್ಯಾದವರ ಲೆಕ್ಕದಲ್ಲಿ ನೀವು ನಡೆಸುವುದು ಮ್ಯಾಗಜಿನ್, ನಾನು ಬರೆಯುವುದು ದಿನದ ಖಾತೆಯಲ್ಲಿ.

ಪ್ರಶ್ನೆ: ಮೇಡಂ, ನಾನು ಬೀದರ್‌ನಲ್ಲಿ ಬಿ.ಎ. ಓದುತ್ತೇನೆ. ಇತಿಹಾಸದ ಪುಸ್ತಕದಲ್ಲಿ '1857ರಲ್ಲಿ ದಿಲ್ಲಿಯ ಮ್ಯಾಗಜಿನ್ ಸ್ಫೋಟಿಸಿದರು' ಎಂದಿದೆ. ಪತ್ರಿಕಾ ಕಚೇರಿ ಎಂದುಕೊಂಡಿದ್ದೆ, ಸರಿಯೇ?
ವಿದ್ಯಾರ್ಥಿನಿ, ಬೀದರ್

ಉತ್ತರ: ಅಲ್ಲವ್ವ, ಅದು ಮದ್ದುಗುಂಡಿನ ಮನೆ, ಉರ್ದುವಿನಲ್ಲಿ ಬಾರೂದಖಾನೆ. 1857ರ ಮೇ 11ರಂದು ದಿಲ್ಲಿ ಬಂಡೆದ್ದಾಗ, ಅಲ್ಲಿನ ಮದ್ದು ಸಿಪಾಯಿಗಳ ಕೈಗೆ ಸಿಗಬಾರದೆಂದು ಕಾವಲಿದ್ದ ಇಂಗ್ಲಿಷರೇ ಅದಕ್ಕೆ ಬೆಂಕಿ ಇಟ್ಟರು.

ಮ್ಯಾಗಜಿನ್ ಸಿಡಿದರೆ ಏನಾಗುತ್ತದೆ ಎಂದು ನೋಡಲು ನೀನು ದಿಲ್ಲಿಗೆ ಹೋಗಬೇಕಿಲ್ಲ. ನಿಮ್ಮ ಊರ ನಡುವೆ ಮಹಮೂದ್ ಗವಾನ್ ಮದರಸಾ ಇದೆ. ಇರಾನಿನ ಗಿಲಾನ್ ಪ್ರಾಂತದಿಂದ ಬಂದು ಬಹಮನಿ ರಾಜ್ಯದ ಪ್ರಧಾನಿಯಾದ ಗವಾನ್ ಅದನ್ನು 1472ರಲ್ಲಿ ಕಟ್ಟಿಸಿ ಮುಗಿಸಿದ. ಮೂರು ಅಂತಸ್ತು, ವಿದ್ಯಾರ್ಥಿಗಳಿಗೆ ಉಳಿಯಲು ಕೋಣೆ, ಪುಸ್ತಕ ಭಂಡಾರ, ಎದುರಿಗೆ ಎರಡು ಮಿನಾರು. ಸುಳ್ಳು ಆಪಾದನೆಯ ಮೇಲೆ ಸುಲ್ತಾನ 1481ರಲ್ಲಿ ಅವನನ್ನು ಕೊಲ್ಲಿಸಿದ. ಕಟ್ಟಡ ಉಳಿಯಿತು. ಮೊಘಲರು ಬೀದರ್ ಹಿಡಿದ ಮೇಲೆ ಅಲ್ಲಿ ಸೈನಿಕರು ಬೀಡುಬಿಟ್ಟರು, ಪಾಠದ ಕೋಣೆಗಳಲ್ಲಿ ಮದ್ದು ತುಂಬಿದರು. 1696ರಲ್ಲಿ ಅದು ಸಿಡಿಯಿತು. ಮುಂಭಾಗದ ಅರ್ಧ ಹೋಯಿತು, ಒಂದು ಮಿನಾರು ಹೋಯಿತು.

ಹೋಗಿ ಉಳಿದ ಮಿನಾರಿನ ಬುಡದಲ್ಲಿ ನಿಂತು ನೋಡು. ಅದರ ಮೈಮೇಲೆ ಅಂಕುಡೊಂಕು ಗೆರೆಯಾಗಿ ಕೂರಿಸಿದ ಬಣ್ಣದ ಹೆಂಚಿನ ಚೂರು ಅಲ್ಲಲ್ಲಿ ಇನ್ನೂ ಅಂಟಿಕೊಂಡಿವೆ, ನೀಲಿ ಇನ್ನೂ ಮಾಸಿಲ್ಲ. ಆಮೇಲೆ ಇನ್ನೊಂದು ಪಕ್ಕಕ್ಕೆ ನಡೆ, ಅಲ್ಲಿ ಗೋಡೆಯೇ ಇಲ್ಲ. ಒಂದೇ ಕಟ್ಟಡ ಒಂದು ಕಾಲಕ್ಕೆ ಪುಸ್ತಕದ ಮಖ್ಝನ್, ಇನ್ನೊಂದು ಕಾಲಕ್ಕೆ ಮದ್ದಿನ ಮಖ್ಝನ್. ಪುಸ್ತಕ ಇಡುವ ಕೋಣೆಯಲ್ಲಿ ಮದ್ದು ಇಟ್ಟವರ ಮೇಲೆ ನನಗೆ ಇವತ್ತಿಗೂ ಸಿಟ್ಟಿದೆ.

ನಿನ್ನ ಗೆಳತಿಯರಲ್ಲಿ ಫುಟ್‌ಬಾಲ್ ನೋಡುವವರಿದ್ದರೆ ಆರ್ಸನಲ್ ತಂಡದ ಹೆಸರು ಕೇಳಿರುತ್ತಾರೆ. 1886ರಲ್ಲಿ ಲಂಡನ್ನಿನ ವುಲಿಚ್ ಶಸ್ತ್ರಾಗಾರದ ಕೆಲಸಗಾರರು ಕಟ್ಟಿದ ತಂಡ ಅದು. ಆ ಶಬ್ದವೂ ಅರಬ್ಬಿಯದೇ: ದಾರ್ ಅಸ್‌ಸಿನಾಅ, ಅಂದರೆ ತಯಾರಿಯ ಮನೆ, ಕಾರಖಾನೆ. ವೆನಿಸ್ಸಿನವರು ಹಡಗು ಕಟ್ಟುವ ಅಂಗಳಕ್ಕೆ ಅರ್ಸೆನಾಲೆ ಎಂದರು. ಇಂಗ್ಲಿಷಿಗೆ ಬಂದು ಅದು ಆಯುಧದ ಕೋಠಿಯಾಯಿತು. ಸ್ಪೇನಿನಲ್ಲಿ ದಾರ್ಸೆನಾ ಅಂದರೆ ಇವತ್ತಿಗೂ ಹಡಗು ನಿಲ್ಲಿಸುವ ಜಾಗ.

ಪ್ರಶ್ನೆ: ಅಕ್ಕೋರೆ, ನಾನು ಚಿತ್ತಾಪುರದವನು, ಬೆಂಗಳೂರಿನಲ್ಲಿ ಇಂಜಿನಿಯರಿಂಗ್ ಓದುತ್ತಿದ್ದೇನೆ. ಜಲ್ದಿ, ಬಾಜು, ದವಾಖಾನಿ ಅಂದರೆ ರೂಮಿನ ಗೆಳೆಯರು 'ಅರ್ಧ ಉರ್ದು ಕನ್ನಡ' ಅಂತ ನಗುತ್ತಾರೆ. ಇವನ್ನು ಬಿಡಬೇಕೇನು?
ಚಿತ್ತಾಪುರದ ಹುಡುಗ

ಉತ್ತರ: ಬಿಡಬೇಡಪ್ಪ. ನಿನ್ನ ಅವ್ವ ಆಡುವ ಮಾತು ಅದು, ತಲೆ ಎತ್ತಿ ಆಡು. ನಿನ್ನ ಗೆಳೆಯರು ಜಿಲ್ಲೆ, ತಾಲೂಕು, ವಕೀಲ, ಅರ್ಜಿ ಎನ್ನದೆ ಒಂದು ದಿನ ಕಳೆಯಲಿ ನೋಡೋಣ. ನಾಲ್ಕೂ ಅರಬ್ಬಿಯಿಂದ ಬಂದವು. ಅವರು ದಿನಾ ಆಡುವ ಕಾನೂನು ಎಂಬುದಂತೂ ಅರಬ್ಬಿಗೇ ಗ್ರೀಕಿನಿಂದ ಬಂದದ್ದು. ಗ್ರೀಕರ ಕನೋನ್ ಅಂದರೆ ಅಳತೆಯ ಕೋಲು, ಆಮೇಲೆ ನಿಯಮ. ಪಶ್ಚಿಮಕ್ಕೆ ಹೋಗಿ ಅದು ಕ್ರೈಸ್ತ ಚರ್ಚಿನ ಕಟ್ಟಳೆಯಾಯಿತು, ಪೂರ್ವಕ್ಕೆ ಬಂದು ನಮ್ಮ ಕೋರ್ಟಿನ ಕಾನೂನಾಯಿತು.

ಸ್ಪೇನಿನವರ ಭಾಷೆಯಲ್ಲಿ ಅರಬ್ಬಿ ಮೂಲದ ಸಾವಿರಾರು ಶಬ್ದಗಳಿವೆ. 711ರಿಂದ 1492ರ ತನಕ ಅಲ್ಲಿ ಒಂದಲ್ಲ ಒಂದು ಭಾಗದಲ್ಲಿ ಮುಸ್ಲಿಂ ಆಡಳಿತ ಇತ್ತು, ಜನ ಅಕ್ಕಪಕ್ಕ ಬದುಕಿದರು. ಅದರ ಗುರುತು ಮಾತಿನಲ್ಲಿ ಹೇಗಿದೆ ನೋಡು. ಅರಬ್ಬಿಯಲ್ಲಿ ಶಬ್ದದ ಮುಂದೆ 'ಅಲ್' ಬರುತ್ತದೆ, ಇಂಗ್ಲಿಷಿನ 'ದಿ' ಬಂದ ಹಾಗೆ. ಬಂದರಿನಲ್ಲಿ ವ್ಯಾಪಾರ ಮಾಡಿ ಹಡಗು ಹತ್ತಿದ ಇಟಲಿಯವರು ಅದನ್ನು ಬಿಟ್ಟು ಮಗಜ್ಜೀನೊ ಎಂದರು. ಅರಬ್ಬಿ ಮಾತಾಡುವವರ ಓಣಿಯಲ್ಲೇ ಬೆಳೆದ ಸ್ಪೇನಿನವರು 'ಅಲ್' ಸಮೇತ ಅಲ್ಮಸೇನ್ ಎಂದರು. ಹತ್ತಿಗೆ ಅರಬ್ಬಿಯಲ್ಲಿ ಕುತ್ನ್. ಇಟಲಿಯಲ್ಲಿ ಕೊತೋನೆ, ಇಂಗ್ಲಿಷಿನಲ್ಲಿ ಕಾಟನ್, ಸ್ಪೇನಿನಲ್ಲಿ ಮಾತ್ರ ಆಲ್ಗೊದೋನ್. ಸಕ್ಕರೆಗೂ ಹಾಗೆಯೇ: ಇಟಲಿಯಲ್ಲಿ ತ್ಸುಕ್ಕೆರೊ, ಸ್ಪೇನಿನಲ್ಲಿ ಮುಂದೊಂದು 'ಅ' ಸೇರಿ ಅಸೂಕರ್. ಆ ಸಕ್ಕರೆಯ ಹೆಸರು ಅರಬ್ಬರಿಗೆ ಹೋದದ್ದು ನಮ್ಮ ಶರ್ಕರದಿಂದ, ಪಾರಸಿ ಹಾದು. ಅಲ್ಮಸೇನ್ ಸ್ಪೇನಿನಲ್ಲಿ ಗೋದಾಮು. ಸಮುದ್ರ ದಾಟಿ ಅರ್ಜೆಂಟೀನಾಕ್ಕೆ ಹೋದದ್ದೇ ಮೂಲೆಯ ಕಿರಾಣಿ ಅಂಗಡಿ.

ಹೀಗಾಗಲಿ ಎಂದು ಹಾರೈಸಲು ಸ್ಪೇನಿನ ಅಜ್ಜಿಯರು ಇವತ್ತಿಗೂ 'ಓಹಲಾ' ಎನ್ನುತ್ತಾರೆ. ಅಲ್ಲಾಹನ ಇಚ್ಛೆ ಇದ್ದರೆ ಎಂಬ ಅರಬ್ಬಿ ಮಾತೇ ಸವೆದು ಹಾಗಾದದ್ದು. ಚರ್ಚಿಗೆ ಹೋಗುವ ಮುದುಕಿ ಅದನ್ನಾಡಿದರೆ ಅವರಲ್ಲಿ ಯಾರೂ ನಗುವುದಿಲ್ಲ.

ನಿನ್ನ ಗೆಳೆಯರ ಮೊಬೈಲಿನ ರೀಚಾರ್ಜಿಗೆ ಟ್ಯಾರಿಫ್ ಇರುತ್ತದಲ್ಲ, ಅದು ನಮ್ಮ ತಾರೀಫ್. ಅರಬ್ಬಿಯಲ್ಲಿ ತಿಳಿಯಪಡಿಸುವುದು ಎಂದರ್ಥ. ಇಟಲಿಯ ವರ್ತಕರು ದರ ತಿಳಿಸುವ ಪಟ್ಟಿಗೆ ಹಿಡಿದರು, ಉರ್ದುವಿನವರು ಒಬ್ಬರ ಗುಣ ತಿಳಿಸುವ ಹೊಗಳಿಕೆಗೆ ಹಿಡಿದರು. ಕಲಬುರಗಿಯಲ್ಲಿ 'ಹುಡುಗನ ತಾರೀಫ್ ಮಾಡಿದರು' ಅಂದಾಗ ನಾವು ಆಡುವುದು ಅದೇ ಶಬ್ದ.

ಪ್ರಶ್ನೆ: ಜರ್ಮನಿಯಲ್ಲಿ ಗಿಫ್ಟ್ ಅಂದರೆ ವಿಷ ಅಂತ ಅಲ್ಲಿರುವ ನಮ್ಮ ಅಳಿಯ ಹೇಳುತ್ತಾನೆ. ಖರೇನೇ? ಇಂಗ್ಲಿಷಿನ ಗಿಫ್ಟಿಗೂ ಅದಕ್ಕೂ ಸಂಬಂಧ ಇಲ್ಲವೇ?
ಗೃಹಿಣಿ, ಸುರಪುರ, ಯಾದಗಿರಿ ಜಿಲ್ಲೆ

ಉತ್ತರ: ಖರೇ ಇದೆ ತಂಗಿ, ಸಂಬಂಧವೂ ಇದೆ. ಎರಡೂ 'ಕೊಡು' ಎಂಬ ಒಂದೇ ಧಾತುವಿನವು. ಜರ್ಮನಿಯಲ್ಲೂ ಹಿಂದೆ ಅದರ ಅರ್ಥ ಕೊಟ್ಟದ್ದು, ಕಾಣಿಕೆ ಎಂದೇ ಇತ್ತು. ಗ್ರೀಕಿನಲ್ಲಿ ದೋಸಿಸ್ ಅಂದರೆ ಕೊಡುವುದು. ವೈದ್ಯ ಒಂದು ಹೊತ್ತಿಗೆ ಕೊಡುವ ಮದ್ದಿಗೆ ಆ ಹೆಸರು ಬಂತು, ನಾವು ಡೋಸ್ ಎನ್ನುತ್ತೀವಿ. ಜರ್ಮನರು ಅದೇ ಮಾದರಿಯಲ್ಲಿ ತಮ್ಮ 'ಕೊಟ್ಟದ್ದು' ಶಬ್ದವನ್ನು ಬಳಸಿದರು, ವಿಷ ಎಂದು ಬಾಯಿಬಿಟ್ಟು ಹೇಳದೆ. ಬರುಬರುತ್ತಾ ವಿಷದ ಅರ್ಥವೇ ನಿಂತಿತು. ನಿಮ್ಮ ಕಡೆ ಹತ್ತಿಗೆ ಹುಳ ಬಿದ್ದಾಗ 'ಔಷಧ ಹೊಡೆದೆವು' ಅನ್ನುವುದಿಲ್ಲವೇ, ಡಬ್ಬದ ಮೇಲೆ ವಿಷ ಎಂದು ಬರೆದಿದ್ದರೂ? ಇಂಗ್ಲಿಷಿನ ಪಾಯಿಸನ್ ಕೂಡ ಲ್ಯಾಟಿನಿನಲ್ಲಿ ಬರೀ ಕುಡಿಯುವಂಥದ್ದು ಎಂಬ ಅರ್ಥದ್ದು.

ಡಚ್ಚರು ಜಾಣತನ ಮಾಡಿ ಎರಡನ್ನೂ ಬೇರೆ ಮಾಡಿಕೊಂಡರು: ಖಿಫ್ಟ್ ಕಾಣಿಕೆ, ಖಿಫ್ ವಿಷ. ಸ್ವೀಡನ್, ಡೆನ್ಮಾರ್ಕ್, ನಾರ್ವೆಗಳಲ್ಲಿ ಅದೇ ಶಬ್ದಕ್ಕೆ ವಿಷ ಎಂದೂ ಅರ್ಥ, ಮದುವೆಯಾದವರು ಎಂದೂ ಅರ್ಥ. ಹೆಣ್ಣನ್ನು 'ಕೊಡುವುದು' ಎಂಬಲ್ಲಿಂದ ಬಂದದ್ದು ಆ ಎರಡನೆಯದು. ನಾವೂ 'ಮಗಳನ್ನ ಶಹಾಪುರಕ್ಕೆ ಕೊಟ್ಟೀವಿ' ಅಂತೀವಲ್ಲ. ಜರ್ಮನ್ನಿನಲ್ಲಿ ಹಳೆಯ ಅರ್ಥ ಉಳಿದಿರುವುದು ಮಿಟ್‌ಗಿಫ್ಟ್ ಎಂಬುದರಲ್ಲಿ, ಅಂದರೆ ಹೆಣ್ಣಿನ ಜೊತೆ ಕೊಟ್ಟದ್ದು, ವರದಕ್ಷಿಣೆ.

ಅಳಿಯ ನಿಮಗೆ ಅಲ್ಲಿಂದ ಏನಾದರೂ ಕಾಣಿಕೆ ತರುವುದಿದ್ದರೆ ಅಂಗಡಿಯಲ್ಲಿ 'ಗೆಶೆಂಕ್' ಎಂದು ಕೇಳಲಿ. ಜರ್ಮನಿಯಲ್ಲಿ ಗಿಫ್ಟ್ ಎಂದು ದಪ್ಪಕ್ಷರದಲ್ಲಿ ಬರೆದ ಡಬ್ಬಗಳು ಇಲಿ ಪಾಷಾಣದವು.